ಅಳಿಸಿಹೋದ ಉಸಿರಿನ ಪಟ್ಟಿ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯ ತುದಿಗೆ ಒಬ್ಬ ಡಾಕ್ಟರಮ್ಮನ ಕ್ಲಿನಿಕ್ ಇತ್ತು. ಗೂಡು ಬೇಯಿಸುವ ನೀರಿನ ಆವಿ ಕುಡಿದೂ ಕುಡಿದೂ ಎದೆ ಕಟ್ಟಿಕೊಂಡವರು ಅಲ್ಲಿಗೆ ಬರುತ್ತಿದ್ದರು. ಆಕೆ ಪ್ರತಿಯೊಬ್ಬರಿಂದಲೂ ಒಂದು ಕೊಳವೆ ಊದಿಸಿ, ಉಸಿರಿನ ಬಲ ಎಷ್ಟೆಂದು ಕಂಪ್ಯೂಟರಿಗೆ ಸೇರಿಸುತ್ತಿದ್ದರು. ಅದರಲ್ಲಿದ್ದ ಡೇಟಾಬೇಸ್ ತಂತ್ರಾಂಶ ಹಳೆಯದಾಗಿ ಪದೇ ಪದೇ ನಿಂತುಹೋಗುತ್ತಿತ್ತು. ಹೊಸದನ್ನು ಹಾಕಿಕೊಡಲು ನನ್ನನ್ನು ಕರೆದರು. ಮಾಗಡಿಯಿಂದ ಕನಕಪುರದವರೆಗೆ ಇಂಥ ಕೆಲಸ ಮಾಡಿಕೊಂಡು ತಿರುಗುತ್ತಿದ್ದ ನನಗೆ ಆಗ ಜಂಬವೂ ಇತ್ತು, ಆತುರವೂ ಇತ್ತು.

"ಬೇಗ ಮುಗಿಸಿಬಿಡಿ," ಎಂದರು ಡಾಕ್ಟರಮ್ಮ. "ಪಟ್ಟೀಲಿ ಮೊದಲನೇ ಹೆಸರಿನೋರು ಇವತ್ತು ಹೆಂಡತಿ ಜೊತೆ ಬರ್ತಾರೆ. ಊದಿ ಎದ್ದು ಹೋಗ್ತಾರೆ, ಅಂಕಿ ನೋಡೋದೇ ಇಲ್ಲ. ಚನ್ನಪಟ್ಟಣದಲ್ಲಿ ಬಾಮೈದನ ಬೊಂಬೆ ಅಂಗಡೀಲಿ ಕೂರೋ ಕೆಲಸ ಕಾದಿದೆ. ಅಂಕಿ ಇಳಿದಿರೋದನ್ನ ಕಣ್ಣಾರೆ ಕಂಡ್ರೆ ಆವಿ ಕೆಲಸ ಬಿಡ್ತೀನಿ ಅಂದಿದ್ದಾರಂತೆ."

ಆಕೆ ಒಳಗೆ ಹೋದ ಮೇಲೆ ಕುತೂಹಲಕ್ಕೆ ಪಟ್ಟಿ ತೆರೆದೆ. ಮೊದಲ ಹೆಸರಿನ ಮುಂದೆ ನಾಲ್ಕು ವರ್ಷದ ಅಂಕಿಗಳು, ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ. ಮುಚ್ಚಿ ಕೆಲಸ ಶುರು ಮಾಡಿದೆ. ಹಳೆಯದನ್ನು ತೆಗೆಯುವಾಗ ಅದರ ಡೇಟಾವನ್ನೂ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಮೊದಲು ಪ್ರತಿ ತೆಗೆದಿಟ್ಟುಕೊಳ್ಳಬೇಕೆಂದು ನಿನ್ನೆ ಮೊನ್ನೆ ಕಲಿತವನಿಗೂ ಗೊತ್ತು. ನಾನು ಇನ್ನೊಬ್ಬ ಗಿರಾಕಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಾ 'ಹೌದು' ಒತ್ತಿದೆ.

ಹೊಸದು ಚೆನ್ನಾಗಿಯೇ ಕೂತಿತು. ತೆರೆದರೆ ಒಂದು ಹೆಸರೂ ಇಲ್ಲ. ಡಾಕ್ಟರಮ್ಮ ಒಳಗಿನಿಂದ ಬಂದು ಏನಾಯಿತೆಂದು ಕೇಳಿದರು.

"ಡಿಸ್ಕ್ ಮೊದಲೇ ಹಾಳಾಗಿತ್ತು ಮೇಡಂ, ನನಗೆ ಏನೂ ತೆರೆಯಲಿಲ್ಲ," ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಟ್ಟಿಯ ಮೊದಲ ಹೆಸರಿನವನೂ ಅವನ ಹೆಂಡತಿಯೂ ಬಂದರು. ಆ ಹೆಂಗಸು ಗಂಡನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ತೋರ್ಸಿ ಡಾಕ್ಟರಮ್ಮ," ಎಂದಳು. ಅಂಕಿಗಳೆಲ್ಲ ಹೋಗಿವೆ, ತಮ್ಮ ಮಾತನ್ನೇ ನಂಬಬೇಕು ಎಂದು ಡಾಕ್ಟರಮ್ಮ ಬೇಡಿಕೊಂಡರು.

ಆತ ನಕ್ಕ. ನಗು ಕೆಮ್ಮಾಗಿ, ನಿಲ್ಲಲು ಹೊತ್ತು ಹಿಡಿಯಿತು. "ನೀವು ಯಾವಾಗ್ಲೂ ಹೆದರ್ಸೋರೇ ಬುಡಿ," ಎಂದು ನನ್ನ ಕಡೆ ತಿರುಗಿದ. "ಸಾರ್, ನೀವು ಹೊರಗಿನೋರು, ನಿಮ್ಗೇನೂ ಆಗ್ಬೇಕಾದ್ದಿಲ್ಲ. ನನ್ ಅಂಕಿ ಇಳ್ದಿದ್ದು ನೀವ್ ನೋಡಿದ್ರಾ? ನೋಡಿದ್ದೀನಿ ಅನ್ನಿ, ನಾಳೆಯಿಂದ್ಲೇ ಬುಟ್ಬುಡ್ತೀನಿ."

ಆ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಿದೆ ಎಂದರೆ, ಅಳಿಸಿದ್ದು ನಾನೇ ಎಂದು ಗೊತ್ತಾಗುತ್ತಿತ್ತು.

"ಇಲ್ಲ," ಎಂದೆ. "ನಾನೇನೂ ನೋಡಿಲ್ಲ."

"ಕೇಳ್ಸ್ಕೊಂಡ್ಯಾ?" ಎಂದು ಆತ ಹೆಂಡತಿಗೆ ಹೇಳಿ ಎದ್ದ. ಆಕೆ ಅವನ ಹಿಂದೆ ನಡೆದಳು. ಹಿಂದೆಯೇ ಓಡಿಹೋಗಿ ನಿಜ ಹೇಳಬಹುದಿತ್ತು. ನಾನು ಕೂತಲ್ಲೇ ಕೂತಿದ್ದೆ, ಹೇಡಿ.

ವರ್ಷ ತುಂಬುವ ಮೊದಲೇ ಡಾಕ್ಟರಮ್ಮ ಫೋನ್ ಮಾಡಿ, ತೀರಿಕೊಂಡವರ ಹೆಸರನ್ನು, ತಾವು ಮತ್ತೆ ತುಂಬಿಸಿದ ಹೊಸ ಪಟ್ಟಿಯಿಂದ ಹೇಗೆ ತೆಗೆಯುವುದು ಎಂದು ಕೇಳಿದರು. ಯಾರ ಹೆಸರು ಎಂದೆ. "ಅವತ್ತು ನಿಮ್ಮನ್ನ ಕೇಳಿದ್ರಲ್ಲ, ಅವರೇ," ಎಂದರು. ಹೇಗೆ ತೆಗೆಯುವುದೆಂದು ಹೇಳಿಕೊಟ್ಟೆ. ನಿಜವನ್ನು ಅವತ್ತೂ ಹೇಳಲಿಲ್ಲ.