ತಮ್ಮನ ಹೊಟ್ಟೆಯಲ್ಲಿ ಖಾಸಿಂ ಬೀಯ ಕಿಡ್ನಿ

ಮಾನ್ವಿಯಲ್ಲಿ ಬಳೆ ಮಾರುವ ಖಾಸಿಂ ಬೀಯ ಬಾಯಿಗೆ ಇಡೀ ಬಜಾರು ಹೆದರುತ್ತಿತ್ತು. ಎಪ್ಪತ್ತೊಂಬತ್ತರಲ್ಲಿ ತಮ್ಮ ಸೈಫುದ್ದೀನನ ಎರಡೂ ಕಿಡ್ನಿ ಕೈಕೊಟ್ಟಾಗ, ಮದ್ರಾಸ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ತನ್ನದೊಂದನ್ನು ಕೊಟ್ಟು ಅವನನ್ನು ಬದುಕಿಸಿಕೊಂಡು ಬಂದವಳು ಅವಳೇ. ಹೀಗೆ ಹಾಕಿದ ಕಿಡ್ನಿ ಎಷ್ಟು ವರ್ಷ ಬಾಳುತ್ತದೆ, ಯಾಕೆ ಕೆಡುತ್ತದೆ ಎಂದು ಅಲ್ಲಿನ ಡಾಕ್ಟರುಗಳು ಸಂಶೋಧನೆ ನಡೆಸಿದ್ದರು. ವರ್ಷಕ್ಕೊಮ್ಮೆ ಸೈಫುದ್ದೀನನನ್ನು ಕರೆಸಿ, ರಕ್ತ ನೋಡಿ, ಗುಳಿಗೆ ತಪ್ಪಿಸಬೇಡ, ನೀರು ಬಿಡಬೇಡ ಎಂದು ಹೇಳಿ ಕಳಿಸುತ್ತಿದ್ದರು. ಕೊಟ್ಟವಳು ಹೇಗಿದ್ದಾಳೆಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ, ಆ ಮಾತು ಬೇರೆ.

ಎಂಬತ್ತಾರರ ಮೇ ತಿಂಗಳ ಕೆಂಡದಂಥ ಬಿಸಿಲಲ್ಲಿ ರಂಜಾನ್ ಬಂತು. ಒಂದು ದಿನ ತಮ್ಮನ ಹೆಂಡತಿ ವಾಹಿದಾ ರಾಯಚೂರಿನಿಂದ ಅಳುತ್ತ ಮಾನ್ವಿಗೆ ಬಂದಳು.

"ಆಪಾ, ಅವರು ರೋಜಾ ಹಿಡಿದಾರ್ರಿ. ಹಗಲೆಲ್ಲ ನೀರಿಲ್ಲ, ಗುಳಿಗಿ ಇಲ್ಲ. ಕಾಲು ಬಾತಾವ. ಮಗಳು ಜಾಹೆದಾನ್ನ ಒಪ್ಪಿದ ದೇವದುರ್ಗದ ಬೀಗರಿಗೆ ಆಪರೇಷನ್ ಸುದ್ದಿ ಗೊತ್ತಿಲ್ಲ. ರೋಜಾ ಬಿಟ್ರ ಬೀಮಾರಿ ಮನುಷ್ಯಾ ಅಂತ ತಿಳಿದು ಮಗಳನ್ನ ಒಲ್ಲೆ ಅಂತಾರಂತ."

ಖಾಸಿಂ ಬೀಗೆ ಮೈಯೆಲ್ಲ ಉರಿದುಹೋಯಿತು. ಎಂಥ ಮನುಷ್ಯನಪ್ಪಾ ಇವನು! ಅಲ್ಲಾಹನೇ ಬೀಮಾರರಿಗೆ ಮಾಫಿ ಕೊಟ್ಟಿರುವಾಗ ಬೀಗರಿಗೆ ಹೆದರಿ ಸಾಯಲು ಹೊರಟಿದ್ದಾನೆ! ಬಳೆಗಳನ್ನು ಇದ್ದಲ್ಲೇ ಬಿಟ್ಟು ರಾಯಚೂರಿನ ಬಸ್ ಹತ್ತಿದಳು.

ಸೈಫುದ್ದೀನ್ ತನ್ನ ಟೇಲರ್ ಅಂಗಡಿಯಲ್ಲಿ, ಮದುವೆ ಬಟ್ಟೆಗೆಂದು ಬಂದ ಹುಡುಗನ ತಂದೆ ಕುತುಬುದ್ದೀನನ ಅಳತೆ ತೆಗೆಯುತ್ತಿದ್ದ. ತುಟಿ ಒಡೆದು ಬಿಳಿಚಿದ್ದವು. ಖಾಸಿಂ ಬೀ ಕೊಡದಿಂದ ಚೆಂಬು ತುಂಬಿ ಅವನ ಮುಂದೆ ಹಿಡಿದಳು.

"ಕುಡೀಲೇ!"

"ಆಪಾ, ಸುಮ್ಮನಿರು. ಬೀಗರು ಅದಾರ."

"ಇರ್ಲಿ! ನಿನ್ನ ಹೊಟ್ಟ್ಯಾಗಿರೋದು ನನ್ನ ಕಿಡ್ನಿ. ಹೊಟ್ಟಿ ಕೊಯ್ಸಿಕೊಂಡು ಕೊಟ್ಟೀನಿ, ಬೀಗರ ಮುಂದ ಒಣಗಿಸಾಕಲ್ಲ! ಮದುವಿ ಮುರೀಲಿ, ನೀ ಸಾಯಬ್ಯಾಡ. ಕುಡಿ!"

"ಇಂಥಾ ಮಾತು ಮುಚ್ಚಿಟ್ಟೀರಲ್ರೀ," ಎಂದು ಕುತುಬುದ್ದೀನ್ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸೈಫುದ್ದೀನ್ ನೀರು ಕುಡಿದ. "ನನ್ನ ಮಗಳ ಬಾಳು ಹಾಳು ಮಾಡಿದಿ," ಎಂದ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಮದುವೆಯೂ ಮುರಿಯಿತು.

ಮರುವರ್ಷದ ತಪಾಸಣೆಗೆ ಅವನು ಕರೆಯದಿದ್ದರೂ ಅವಳು ಹೋದಳು. ಕನ್ನಡ ಬಲ್ಲ ಹೊಸ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಹಿಗ್ಗಿದರು.

"ಎಂಟು ವರ್ಷ! ನಮ್ಮ ಸಂಶೋಧನೆಯಲ್ಲಿ ಇಷ್ಟು ಗಟ್ಟಿ ಉಳಿದವರು ಕಡಿಮೆ. ನಿಮ್ಮ ಜೊತೆ ಬಂದ ಇವರು ಯಾರು?"

ಸೈಫುದ್ದೀನ್ ಗೋಡೆ ನೋಡುತ್ತ, "ಕಿಡ್ನಿ ಕೊಟ್ಟಾಕಿ," ಎಂದ.

ಖಾಸಿಂ ಬೀ ದಡಕ್ಕನೆ ಎದ್ದಳು. "ಆಪಾ ಅನ್ನಲೇ! ಕಿಡ್ನಿ ಮೊನ್ನಿ ಮೊನ್ನಿದು. ಸಣ್ಣಂವ ಇದ್ದಾಗ ನಿನ್ನ ಬಗಲಾಗ ಹೊತ್ತು ತಿರುಗಿದಾಕಿ ಯಾರು? ಅನ್ನು, ಆಪಾ ಅನ್ನು!"

ಅವನು ಅನ್ನಲಿಲ್ಲ. ಗುಳಿಗೆ ಚೀಟಿ ತೆಗೆದುಕೊಂಡು ಹೊರಗೆ ನಡೆದ. ಅವಳು ಬೈಯುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಂದೆಯೇ ಹೋದಳು.