ಕಡಿದ ಗಂಗೆ

ಏಳನೇ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷ ಒಂದು ಪಾಠ ಮಾಡುತ್ತೇನೆ, ಧರ್ಮಗಳು ಹುಟ್ಟಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುವ ಪಾಠ. ಮರಳುಗಾಡಿನಲ್ಲಿ ಒಂದು ಒರತೆ ಸಿಕ್ಕರೆ ಅದೇ ಪವಿತ್ರ. ಒಂದೇ ನದಿ ಇರುವ ಒಣ ನಾಡಿನಲ್ಲಿ ಆ ನದಿಯಲ್ಲಿ ಮುಳುಗುವುದೇ ದೀಕ್ಷೆ. ಹಿಮದ ನಾಡಿನವರು ಶಿಖರವನ್ನು ಹತ್ತದೆ ಅದಕ್ಕೆ ಸುತ್ತು ಬರುತ್ತಾರೆ. ನೀರು, ನೆರಳು, ದಾರಿ ಇದ್ದಲ್ಲಿ ಜನ ನಿಂತರು, ಜನ ನಿಂತಲ್ಲಿ ದೇವರು ಬಂದ ಎಂದು ಹೇಳಿ, ಕೈಯ ಸೀಮೆಸುಣ್ಣ ಕೊಡವಿಕೊಂಡು ಹೊರಗೆ ಬರುತ್ತಿದ್ದೆ. ಎಲ್ಲ ತಿಳಿದವಳ ಹಾಗೆ ಹೇಳುತ್ತಿದ್ದೆ. ಈಗ ಆ ಪಾಠ ಬಂದರೆ ನಕ್ಷೆ ತೋರಿಸಿ, ಆ ಕೊನೆಯ ಮಾತು ಬಿಟ್ಟು ಮುಗಿಸುತ್ತೇನೆ.

ಅಪ್ಪ ತೀರಿಕೊಂಡದ್ದು ಇಲ್ಲೇ, ಕೋಲ್ಕತ್ತದಲ್ಲಿ. ಉಡುಪಿ ಕಡೆಯಿಂದ ಬಂದು ಎಸ್ಪ್ಲನೇಡ್ ಹತ್ತಿರ ಸಣ್ಣದೊಂದು ಇಡ್ಲಿ ದೋಸೆಯ ಹೋಟೆಲು ನಡೆಸಿದವರು. ದೊಡ್ಡ ಭಕ್ತರೇನಲ್ಲ. ಆದರೆ ಗಂಗೆ ನೋಡಲು ಊರಿನವರೆಲ್ಲ ಕಾಶಿಗೆ ಹೋಗಬೇಕು, ತನಗೆ ಸಿಟಿ ಬಸ್ಸು ಸಾಕು ಎಂಬ ಹೆಮ್ಮೆ ಅವರಿಗಿತ್ತು. ಸತ್ತ ಮೇಲೆ ಗಂಗೆಗೆ ಬಿಡಿ, ಬೇರೇನೂ ಮಾಡದಿದ್ದರೂ ನಡೆದೀತು ಎಂದು ಅಮ್ಮನಿಗೆ ಹೇಳಿಟ್ಟಿದ್ದರು. ತನಗೆಂದು ಆ ಮನುಷ್ಯ ಜೀವಮಾನದಲ್ಲಿ ಕೇಳಿದ್ದು ಇದೊಂದೇ ಇರಬೇಕು.

ನಮ್ಮ ಮನೆ ಬೆಹಾಲಾದಲ್ಲಿ. ಅಪ್ಪನನ್ನು ಕಾಳೀಘಾಟಿನ ಪಕ್ಕದ ಸ್ಮಶಾನಕ್ಕೆ ಒಯ್ದೆವು. ಊರಿನಲ್ಲಾಗಿದ್ದರೆ ಅಮ್ಮನನ್ನೂ ನನ್ನನ್ನೂ ಅಂಗಳ ದಾಟಲು ಬಿಡುತ್ತಿರಲಿಲ್ಲ. ಇಲ್ಲಿ ಒಬ್ಬಳೇ ಮಗಳಾದ ನಾನೇ ಎಲ್ಲ ಮಾಡಿದೆ, ಅಮ್ಮ ಹಿಂದೆ ನಿಂತಿದ್ದಳು. ನಮ್ಮಲ್ಲಿ ಬೂದಿ ಆರಿದ ಮೇಲೆ ಇನ್ನೊಂದು ದಿನ ಹೋಗಿ ಅಸ್ಥಿ ಆಯುತ್ತಾರೆ. ಬಂಗಾಳಿಗಳ ರೀತಿ ಬೇರೆ. ಸುಡದೆ ಉಳಿದ ಹೊಕ್ಕುಳಿನ ಭಾಗವನ್ನು ಮಣ್ಣಿನ ಕುಡಿಕೆಯಲ್ಲಿಟ್ಟು ಆಗಿಂದಾಗಲೇ ಕೈಗೆ ಕೊಡುತ್ತಾರೆ. ಆಗಲೇ ಗಂಗೆಗೆ ಬಿಟ್ಟು ತಿರುಗಿ ನೋಡದೆ ಬರಬೇಕು. ಗಂಗೆ ಎಂದು ಅಲ್ಲಿನ ಕೆಲಸದವನು ತೋರಿಸಿದ್ದು ಮೆಟ್ಟಿಲ ಕೆಳಗಿದ್ದ ಒಂದು ಕಪ್ಪು ತೋಡನ್ನು. ಪ್ಲಾಸ್ಟಿಕ್ಕು, ಕೊಳೆತ ಹೂವು, ಚರಂಡಿಯ ನಾತ.

ಅಮ್ಮ ಸೆರಗನ್ನು ಮೂಗಿಗೆ ಹಿಡಿದು ನಿಂತುಬಿಟ್ಟಳು. "ಈ ನಾತದಲ್ಲಿ ಅವರನ್ನು ಬಿಡುದಾ? ಕಾಲು ತೊಳೀಲಿಕ್ಕೂ ಆಗುದಿಲ್ಲ," ಎಂದಳು.

ಅಮ್ಮ ಹೊಳೆ ಸಮುದ್ರ ಸೇರುವ ಅಳಿವೆಯ ಬಳಿ ಹುಟ್ಟಿ ಬೆಳೆದವಳು. ಅಲ್ಲಿ ಪರ್ವಕ್ಕೆ ಮುಳುಗುವುದೂ ಸತ್ತವರನ್ನು ಬಿಡುವುದೂ ಆಚೆ ದಡ ಕಾಣದ ನೀರಿನಲ್ಲಿ. ಅಗಲದ ನೀರೇ ಅವಳಿಗೆ ದೇವರ ನೀರು. ಖಿದಿರ್‌ಪುರದ ಹಡಗುಕಟ್ಟೆ ದಾಟಿ ಕೆಳಗೆ ಒಂದು ಘಾಟ್ ಉಂಟು, ಅಲ್ಲಿ ಗಂಗೆ ಚಂದ ಹರಿಯುತ್ತಾಳೆ, ಒಮ್ಮೆ ಅವರೊಟ್ಟಿಗೆ ನೋಡಿದ್ದೇನೆ ಎಂದು ಹಠ ಹಿಡಿದಳು. ಜೊತೆಗೆ ಬಂದಿದ್ದ ಮೇಲಿನ ಮನೆಯ ಬಂಗಾಳಿ ಹೆಂಗಸು, ನಾವು ಮಾಶಿಮಾ ಎಂದು ಕರೆಯುವವರು, ಏನೋ ಹೇಳಹೊರಟು ಅಮ್ಮನ ಮುಖ ನೋಡಿ ಸುಮ್ಮನಾದರು. ಟ್ಯಾಕ್ಸಿ ಮಾಡಿಕೊಂಡು ಆ ಘಾಟಿಗೇ ಹೋದೆವು. ಇಳಿತದ ನೀರು ಕುಡಿಕೆಯನ್ನು ನೋಡನೋಡುತ್ತಲೇ ಒಯ್ದಿತು. ಅಮ್ಮನ ಮುಖದಲ್ಲಿ ಆಗ ಬಂದ ಸಮಾಧಾನ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಸಮಾಧಾನ ಮಳೆಗಾಲದವರೆಗೆ ಉಳಿಯಿತು, ಅಷ್ಟೇ. ಮಾಶಿಮಾರ ಅತ್ತೆ ತೀರಿಕೊಂಡರು. ಮಾತನಾಡಿಸಿ ಬರಲು ಹೋದ ಅಮ್ಮ, ನೀವೂ ಆ ಚರಂಡಿಗೇ ಬಿಟ್ಟಿರಾ ಎಂದು ತನ್ನ ಹರಕು ಹಿಂದಿಯಲ್ಲಿ ಕೇಳಿದ್ದಾಳೆ. ಅದೇ ಆದಿಗಂಗೆ ಎಂದರು ಮಾಶಿಮಾ. ಹಿಂದೆ ಗಂಗೆ ಹರಿಯುತ್ತಿದ್ದದ್ದು ಕಾಳಿಯ ಗುಡಿಯ ಪಕ್ಕದಲ್ಲೇ. ಖಿದಿರ್‌ಪುರದ ಕೆಳಗೆ ಕಾಣುವ ಅಗಲದ ಹೊಳೆ ಯಾವುದೋ ಕಾಲದಲ್ಲಿ ಹಡಗುಗಳಿಗಾಗಿ ಕಡಿದ ಕಾಲುವೆ. ಕಾಟಾ ಗಂಗಾ, ಕಡಿದ ಗಂಗೆ. ಹಳಬರು ಅಲ್ಲಿ ಅಸ್ಥಿ ಬಿಡುವುದಿಲ್ಲ. ಅವತ್ತೇ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ ಎಂದು ಆಕೆ ಅತ್ತರಂತೆ.

ನಾನು ಶಾಲೆಯಿಂದ ಬರುವುದನ್ನೇ ಅಮ್ಮ ಕಾಯುತ್ತಿದ್ದಳು. ನಾನು ಪೇಪರಿನ ಅಂಚಿನಲ್ಲಿ ಗೆರೆ ಎಳೆದು ವಿವರಿಸಿದೆ. ಹೂಳು ತುಂಬಿದರೆ ನದಿ ಪಾತ್ರ ಬದಲಿಸುತ್ತದೆ. ಹಿಮಾಲಯದ ನೀರು ಈಗ ಬರುವುದು ಅಗಲದ ಹೊಳೆಗೇ. ಕಾಳೀಘಾಟಿನ ತೋಡಿನಲ್ಲಿರುವುದು ಪೇಟೆಯ ಕೊಚ್ಚೆ. ಇನ್ನೂ ತೆಂಕಕ್ಕೆ ಹೋದರೆ ಮೆಟ್ರೋದ ಕಂಬಗಳೇ ಅದರ ಹೊಟ್ಟೆಯಲ್ಲಿ ನಿಂತಿವೆ. ಹಾಗಾಗಿ ಅಪ್ಪ ಗಂಗೆಯಲ್ಲೇ ಇದ್ದಾರೆ ಎಂದೆ.

"ಕಾಳಿ ಅಲ್ಲೇ ಉಂಟಲ್ಲ? ಅವಳು ಹೊಳೆಯೊಟ್ಟಿಗೆ ಹೋಗ್ಲಿಲ್ಲ ಅಲ್ವಾ?" ಎಂದು ಅಮ್ಮ ಕೇಳಿದಳು.

ನದಿ ಪಾತ್ರ ಬದಲಿಸುವುದು ನಮ್ಮ ಪುಸ್ತಕದಲ್ಲಿದೆ, ಪುಣ್ಯ ಹಳೆಯ ಪಾತ್ರದಲ್ಲೇ ಉಳಿದುಬಿಡುವುದು ಇಲ್ಲ. ಯಾವ ಕಾಲದ ಹೂಳೋ, ಯಾರ ಗುದ್ದಲಿಯೋ, ಎಲ್ಲ ಬಂದು ಬೆಹಾಲಾದ ಎರಡು ಕೋಣೆಯ ಮನೆಯಲ್ಲಿದ್ದ ಒಬ್ಬ ಹೆಂಗಸಿನ ತಲೆಯ ಮೇಲೆ ಬಿತ್ತು. ಇದೆಂಥ ನ್ಯಾಯವೋ ನನಗೆ ತಿಳಿಯದು.

ಊರಿನ ಪುರೋಹಿತರಿಗೆ ಫೋನು ಮಾಡಿಸಿದೆ. ಸಂಕಲ್ಪ ಶುದ್ಧವಿದ್ದರೆ ಸಾಕು, ಚಿಂತೆ ಬೇಡ ಎಂದು ಅವರು ಒಳ್ಳೆಯ ಮಾತೇ ಹೇಳಿದರು. ಅವರು ಕಾಳೀಘಾಟ್ ನೋಡಿದವರಲ್ಲ ಎಂದು ಅಮ್ಮ ಫೋನು ಕೆಳಗಿಟ್ಟಳು. ನವರಾತ್ರಿಯ ಹಿಂದಿನ ಅಮಾವಾಸ್ಯೆಯ ದಿನ ಮಾಶಿಮಾರನ್ನು ಕರೆದುಕೊಂಡು ಅದೇ ತೋಡಿನ ಮೆಟ್ಟಿಲಿಳಿದು, ಮೂಗು ಮುಚ್ಚದೆ, ಆ ಕಪ್ಪು ನೀರನ್ನು ಬೊಗಸೆಯಲ್ಲಿ ಎತ್ತಿ ಅಪ್ಪನ ಹೆಸರಿನಲ್ಲಿ ಬಿಟ್ಟು ಬಂದಳು. ಮನೆಗೆ ಬಂದವಳು, ಅವರಿಗೆ ಮುಟ್ಟಲಿಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಅದು ನಿನಗೆ ಹೇಗೆ ಗೊತ್ತು ಎಂದು ರೇಗಿದೆ. ರೇಗಿ ಏನು ಬಂತು? ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಮೊದಲೇ ಕೆಟ್ಟಿದ್ದ ಕಿಡ್ನಿ ಆ ಚಳಿಗಾಲ ಪೂರ್ತಿ ಕೈಕೊಟ್ಟಿತು.

ಆಸ್ಪತ್ರೆಯಲ್ಲಿ ಒಂದು ಸಂಜೆ ನನ್ನ ಕೈ ಹಿಡಿದುಕೊಂಡು ಹೇಳಿದಳು. "ನನ್ನನ್ನು ಗಂಗೆಗೆ ಬಿಡುದು ಬೇಡ ಮಗಾ. ಅವರನ್ನು ಬಿಟ್ಟಲ್ಲೇ ಬಿಡು."

ನಿನಗಾದರೂ ಸರಿಯಾದ ಜಾಗ ಸಿಗಲಿ ಅಮ್ಮ ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟು ದಿನ ಗೆರೆ ಎಳೆದು ವಾದಿಸಿದವಳು ನಾನೇ, ಈಗ ಅಪ್ಪ ಇರುವುದು ತಪ್ಪು ಜಾಗದಲ್ಲಿ ಎಂದು ಒಪ್ಪಿಕೊಂಡವಳೂ ನಾನೇ. ಅಮ್ಮನಿಗೆ ಅದು ಅರ್ಥವಾಯಿತು. ಆದರೂ ಬೇಸರ ಮಾಡಿಕೊಳ್ಳಲಿಲ್ಲ.

"ನಾತ ಅಂತ ಹೇಳಿದ್ದು ನಾನಲ್ವಾ? ಅವರೊಬ್ಬರೇ ಯಾಕೆ ಅಲ್ಲಿ?" ಎಂದಳು.

ಅದೇ ವಾರ ಹೋದಳು. ಮತ್ತೆ ಅದೇ ಸ್ಮಶಾನ, ಇನ್ನೂ ಬಿಸಿ ಆರದ ಇನ್ನೊಂದು ಕುಡಿಕೆ. ಮಾಶಿಮಾ ಸೀರೆ ಎತ್ತಿ ಹಿಡಿದು ತೋಡಿನ ಮೆಟ್ಟಿಲಿಳಿಯತೊಡಗಿದ್ದರು. ನಾನು ಗೇಟಿನ ಕಡೆ ತಿರುಗಿದ್ದನ್ನು ಕಂಡು ಓಡಿಬಂದು ತೋಳು ಹಿಡಿದುಕೊಂಡರು. ಅಲ್ಲಿ ಬೇಡ, ಅದು ಗಂಗೆಯಲ್ಲ ಎಂದು ಈ ಸಲ ಹೇಳಿಯೇಬಿಟ್ಟರು.

ಗೊತ್ತು ಎಂದೆ.