ದೀಪ ಹಚ್ಚಿ ಒಳಗೆ ಬನ್ನಿ

ನನ್ನ ಕೆಲಸವನ್ನು ಯಾರಾದರೂ ಆಡಿಕೊಂಡರೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಹಾಗೇ, ಆಗ ಇನ್ನೂ ಜಾಸ್ತಿ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹಾಸನದ ಬಸ್ ಸ್ಟ್ಯಾಂಡಿನಿಂದ ನಡೆದುಹೋಗುವಷ್ಟು ದೂರದಲ್ಲಿ ನನ್ನದೊಂದು ಇಂಟರ್ನೆಟ್ ಅಂಗಡಿ ಇತ್ತು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಮತ್ತೆ ನಾನು. ರಿಸಲ್ಟ್ ನೋಡಲು ಬರುವವರ ಗಲಾಟೆ ಇಲ್ಲದ ದಿನಗಳಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಕಲಿತದ್ದೆಲ್ಲ ಸ್ವಂತ, ಹಾಗಾಗಿ ಜಂಬವೂ ಸ್ವಂತದ್ದೇ.

ಹಾಗೆ ಮಾಡಿಕೊಟ್ಟವರಲ್ಲಿ ಹೊಳೆನರಸೀಪುರದ ಒಬ್ಬ ಅಡುಗೆ ಭಟ್ಟರೂ ಇದ್ದರು. ತಂದೆಯ ಕಾಲದಿಂದ ಮದುವೆ, ಮುಂಜಿ, ಗೃಹಪ್ರವೇಶ, ತಿಥಿ ಎಲ್ಲಕ್ಕೂ ಅಡುಗೆ ಮಾಡುತ್ತಾ ಬಂದ ಮನೆ ಅದು. ಜೊತೆಗೆ ಆರು ಜನರ ತಂಡ. ದೂರದಲ್ಲಿದ್ದುಕೊಂಡು ಊರಿನ ಕಡೆ ಕಾರ್ಯ ಇಟ್ಟುಕೊಳ್ಳುವವರು ಆಗಷ್ಟೇ ಅಡುಗೆಯವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಲು ಶುರುಮಾಡಿದ್ದರು. ಮೊದಲ ವರ್ಷ ನಾನು ಮಾಡಿದ್ದು ಬಡಪಾಯಿ ಪುಟ: ಹೆಸರು, ಊರು, ಫೋನ್ ನಂಬರು, ಮಾಡುವ ಅಡುಗೆಗಳು. ಅಷ್ಟಕ್ಕೇ ಹಾಸನ, ಅರಕಲಗೂಡು ಎಂದು ಹುಡುಕಿದವರಿಗೆಲ್ಲ ಭಟ್ಟರೇ ಮೊದಲು ಸಿಗುತ್ತಿದ್ದರು. ಅವರ ಮೊಬೈಲು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ನಾನು ಅದನ್ನೇ ಮಾಡಿದೆ. ಮರುವರ್ಷ ಸೈಟನ್ನು ಚಂದ ಮಾಡಲು ಹೊರಟೆ. ನಮ್ಮಲ್ಲಿ ದೀಪ ಬೆಳಗದೆ ಯಾವ ಕಾರ್ಯಕ್ರಮ ಶುರುವಾಗುತ್ತದೆ ಹೇಳಿ? ಸೈಟಿನ ಬಾಗಿಲಲ್ಲೇ ಒಂದು ದೀಪದ ಕಂಬ ನಿಲ್ಲಿಸಿದೆ. ಕೆಳಗೆ 'ದೀಪ ಹಚ್ಚಿ ಒಳಗೆ ಬನ್ನಿ' ಎಂಬ ಸಾಲು. ಬತ್ತಿಯ ಮೇಲೆ ಒತ್ತಿದರೆ ಜ್ಯೋತಿ ಏಳುತ್ತಿತ್ತು, ವಾಲಗ ಮೊಳಗುತ್ತಿತ್ತು, ಆಮೇಲೆ ಬಾಗಿಲು ತೆರೆಯುತ್ತಿತ್ತು. ಒಳಗೆ ಮೊದಲು ಮನೆದೇವರು, ನಂತರ ಭಟ್ಟರ ತಂದೆಯ ದೊಡ್ಡ ಫೋಟೋ, ಆಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರು ವಯಸ್ಸಿನ ಪ್ರಕಾರ. ಲಗ್ನಪತ್ರಿಕೆಯಲ್ಲಿ ಹಾಕುವಂತೆ ಫೋನ್ ನಂಬರು ಎಲ್ಲಕ್ಕಿಂತ ಕೊನೆಗೆ. ಅಕ್ಷರ ಮುದ್ದಾಗಿ ಕಾಣಲೆಂದು ಕನ್ನಡವನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದೆ. ಮೊದಲ ಸಲ ತೋರಿಸಿದಾಗ ಭಟ್ಟರು ಕುರ್ಚಿಯಿಂದ ಎದ್ದು ಪರದೆಗೆ ಕೈಮುಗಿದರು. ನನಗೆ ಇನ್ನೇನು ಬೇಕಿತ್ತು.

ಐದಾರು ತಿಂಗಳಿಗೆ ಅದೇ ಭಟ್ಟರು ಬಾಡಿದ ಮುಖ ಹೊತ್ತು ಅಂಗಡಿಗೆ ಬಂದರು.

"ಫೋನೇ ಬರ್ತಿಲ್ಲಮ್ಮಾ. ಮಾಘದೊಳಗೆ ಕೆಲಸ ಹಿಡೀದೆ ಇದ್ರೆ ಮೈಸೂರು ಕಂಟ್ರಾಕ್ಟರ್ ಹತ್ರ ಸೇರ್ಕೋತೀವಿ ಅಂತ ಆರೂ ಜನ ಹೇಳ್ಬಿಟ್ಟಿದಾರೆ. ಅವರೂ ಸಂಸಾರಸ್ಥರು, ಏನು ಅನ್ನಲಿ? ಅವರು ಹೋದ್ಮೇಲೆ ನಾನೊಬ್ಬ ಕೂತ್ಕೊಂಡು ಒಗ್ಗರಣೆ ಹಾಕ್ಲಾ?"

ಹುಡುಕಿ ನೋಡಿದೆ. ನಮ್ಮ ಸೈಟು ಮೂರನೇ ಪುಟಕ್ಕೆ ಜಾರಿತ್ತು. ಮೂರನೇ ಪುಟ ಯಾರು ನೋಡುತ್ತಾರೆ? ನಾನು ಪೈಪೋಟಿಯವರನ್ನು ಬೈದೆ, ಸರ್ಚ್ ಕಂಪನಿಯನ್ನು ಬೈದೆ, ಅವತ್ತು ಪ್ರಿಂಟ್ ತೆಗೆಸಲು ಬಂದವರನ್ನೂ ಬೈದಿರಬೇಕು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಮಾಡಿದ ಪರಿಹಾರ ಏನೆಂದರೆ ದೀಪಕ್ಕೆ ಇನ್ನೆರಡು ಬತ್ತಿ ಸೇರಿಸಿದ್ದು.

ಅದಾದ ವಾರದಲ್ಲೇ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಕಡೆಯ ರೈತರೊಬ್ಬರು ಅಂಗಡಿಗೆ ಬಂದರು. ಗಡ್ಡ ಬಿಟ್ಟಿದ್ದರು, ಕಣ್ಣು ಕೆಂಪಾಗಿತ್ತು. "ನಮ್ಮವ್ವ ತೀರ್ಕಂಡವ್ರೆ ಮೇಡಂ. ತಿಥಿಗೆ ಅಡ್ಗೆಯೋರು ಬೇಕಿತ್ತು. ಕಂಪ್ಯೂಟರ್ನಾಗೆ ಸಿಗ್ತಾರಂತಲ್ಲ?" ಅಂದರು. ದೇವರೇ ಕಳಿಸಿದ ಗಿರಾಕಿ ಅಂದುಕೊಂಡು ನೇರವಾಗಿ ಭಟ್ಟರ ಸೈಟನ್ನೇ ತೆರೆದು ಅವರ ಮುಂದಿಟ್ಟೆ.

ದೀಪ ಬರುವುದೇ ತಡವಾಯಿತು. ಒಂದೊಂದೇ ಗೆರೆಯಾಗಿ ಕಂಬ ಮೂಡುವವರೆಗೆ ಅವರು ಕೈಕಟ್ಟಿ ಕಾದರು. ಕೊನೆಗೆ ಸಾಲು ಓದಿಕೊಂಡು ಮೌಸಿನತ್ತ ಚಾಚಿದ ಕೈ ಹಿಂದೆ ತೆಗೆದರು. ನಾನೇ ಅವಸರಪಟ್ಟು ಬತ್ತಿಯ ಮೇಲೆ ಒತ್ತಿದೆ. ಸ್ಪೀಕರಿನಿಂದ ಮಂಗಳವಾದ್ಯ ಅಂಗಡಿ ತುಂಬಾ ಮೊಳಗಿತು. ಉಳಿದ ಮೂರೂ ಕಂಪ್ಯೂಟರಿನವರು ತಿರುಗಿ ನೋಡಿದರು.

"ಅಯ್ಯೋ ನಿಲ್ಸಿ ಮೇಡಂ, ನಿಲ್ಸಿ! ಸೂತ್ಕದ ಮನೆಯಿಂದ ಬಂದಿವ್ನಿ. ನನ್ ಮುಂದೆ ದೀಪ ಅಚ್ಚಿ ವಾಲ್ಗ ಊದುಸ್ತೀರಲ್ಲ. ಅವ್ವ ಓಗಿ ಇನ್ನೂ ನಾಕು ದಿನ ಆಗಿಲ್ಲ ಕಣಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬ್ಯಾರೆ ಯಾರಾರ ಇದ್ರೆ ನೋಡಿ" ಅಂದರು. ಮುಂದಿನ ಸೈಟಿನಲ್ಲಿ ನಂಬರು ಮೇಲೆಯೇ ಇತ್ತು. ಬರೆದುಕೊಂಡು ಹೋದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಡುಗೆಯವರನ್ನು ಅವಸರದಲ್ಲಿ ಹುಡುಕುವವರು ಯಾರು? ಮದುವೆಯವರಿಗೆ ತಿಂಗಳುಗಟ್ಟಲೆ ಸಮಯ ಇರುತ್ತದೆ. ಸಾವಿನ ಮನೆಯವರಿಗೆ ಇರುವುದಿಲ್ಲ. ಅಂಥವರೆಲ್ಲ ನಮ್ಮ ದೀಪ ನೋಡಿದ ಕೂಡಲೇ ಹಿಂದಕ್ಕೆ ಹೋಗುತ್ತಿದ್ದರು. ಒಳಗೆ ಹೆಜ್ಜೆಯಿಟ್ಟವರು ಹಾಗೆ ತಕ್ಷಣ ವಾಪಸಾಗುವ ಸೈಟನ್ನು ಸರ್ಚ್ ಕೆಳಗೆ ತಳ್ಳುತ್ತದೆ ಎಂದು ಓದಿದ್ದೆ. ಚಿತ್ರವಾಗಿ ಅಂಟಿಸಿದ ಅಕ್ಷರ ಅದಕ್ಕೆ ಓದಲು ಬರುವುದಿಲ್ಲ ಎಂಬುದನ್ನೂ ಓದಿದ್ದೆ. ಓದಿದ್ದೆ, ಅಷ್ಟೇ.

ಮರುದಿನ ಹೊಳೆನರಸೀಪುರಕ್ಕೆ ಹೋಗಿ ದೀಪ ತೆಗೆಯೋಣ ಅಂದೆ. ಭಟ್ಟರು ಒಪ್ಪಲಿಲ್ಲ.

"ಅಪ್ಪನ ಮುಂದಿನ ದೀಪ ಆರಿಸ್ತೀಯೇನಮ್ಮಾ? ಮನೆಗೆ ಏಳಿಗೆ ಆಗುತ್ತಾ?"

ನನಗೆ ರೇಗಿತು. "ಭಟ್ರೇ, ನಿಮ್ಮಪ್ಪ ಸಾವಾದ ಮನೆಗೆ ಅಡುಗೆಗೆ ಹೋಗುವಾಗ ವಾಲಗ ಊದಿಸ್ಕೊಂಡು ಹೋಗ್ತಿದ್ರಾ?"

ಹಿರಿಯರ ಮುಂದೆ ಆಡುವ ಮಾತಲ್ಲ. ಭಟ್ಟರು ಕೊಬ್ಬರಿ ತುರಿಯುತ್ತಾ ಕೂತರು. ಆಮೇಲೆ, "ಇಲ್ಲ. ಸದ್ದಿಲ್ಲದೆ ಹಿತ್ತಲಿಂದ ಹೋಗಿ ಒಲೆ ಹೂಡೋರು" ಅಂದರು. ಇನ್ನೂ ಸ್ವಲ್ಪ ತುರಿದು, "ತೆಗಿ. ಮಂಗಳವಾರ, ಶುಕ್ರವಾರ ಬೇಡ. ಆರಿಸಿದೆ ಅಂತ ಮಾತ್ರ ಬಾಯಲ್ಲಿ ಅನ್ಬೇಡ" ಅಂದರು.

ಬುಧವಾರ ಬೆಳಿಗ್ಗೆ ತೆಗೆದೆ. ವಾಲಗ ಹೋಯಿತು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪಂದಿರು ಒಳಗಿನ ಇನ್ನೊಂದು ಪುಟಕ್ಕೆ ಹೋದರು. ಚಿತ್ರಗಳ ತೂಕ ಇಳಿಸಿದೆ, ಕನ್ನಡವನ್ನು ಅಕ್ಷರವಾಗಿಯೇ ಟೈಪ್ ಮಾಡಿದೆ. ಎಲ್ಲಕ್ಕಿಂತ ಮೇಲೆ ಫೋನ್ ನಂಬರು, ಅದರ ಕೆಳಗೆ ಎರಡೇ ದಾರಿ: ಶುಭಕಾರ್ಯಕ್ಕೆ ಒಂದು, ತಿಥಿ ಮತ್ತು ಸಮಾರಾಧನೆಗೆ ಒಂದು. ನೋಡಲು ಬೋಳುಬೋಳಾಗಿತ್ತು. ಆದರೆ ನನ್ನ ಅಂಗಡಿಯ ಅತಿ ಹಳೆಯ ಕಂಪ್ಯೂಟರಿನಲ್ಲೂ ಪುಟ ಪಟ್ಟನೆ ತೆರೆಯುತ್ತಿತ್ತು.

ಆಮೇಲೆ ಕಾಯುವುದು. ಭಟ್ಟರು ಪ್ರತಿ ಸೋಮವಾರ ಹಾಸನಕ್ಕೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ಮೂರನೇ ಪುಟ, ಎರಡನೇ ಪುಟ, ಮತ್ತೆ ಎರಡನೇ ಪುಟ. ಮೈಸೂರಿಗೆ ಹೊರಟವರನ್ನು ಇನ್ನೊಂದು ವಾರ, ಇನ್ನೊಂದು ವಾರ ಎಂದು ತಡೆದು ಇಟ್ಟುಕೊಂಡಿದ್ದರು.

ಪುಷ್ಯ ಮುಗಿಯುವ ಹೊತ್ತಿನ ಒಂದು ಸೋಮವಾರ ನಾವು ಮೊದಲ ಪುಟದಲ್ಲಿದ್ದೆವು, ನಾಲ್ಕನೆಯವರಾಗಿ. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಭಟ್ಟರ ಮೊಬೈಲು ಹೊಡೆದುಕೊಂಡಿತು. ಚನ್ನರಾಯಪಟ್ಟಣದಿಂದ ಒಬ್ಬ ಹೆಣ್ಣುಮಗಳು. ಬೆಳಗಿನ ಜಾವ ಅವರ ತಂದೆ ಹೋಗಿದ್ದರು. ವೈಕುಂಠ ಸಮಾರಾಧನೆಗೆ ಎಷ್ಟು ಜನಕ್ಕೆ, ಏನೇನು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದುದು ನನಗೂ ಕೇಳುತ್ತಿತ್ತು.

ಭಟ್ಟರು ಬರೆದುಕೊಳ್ಳಲೇ ಇಲ್ಲ. "ಅದೆಲ್ಲ ಇರಲಿ ತಾಯಿ," ಅಂದರು. "ಮನೇಲಿ ಒಲೆ ಹಚ್ಚೋ ಹಾಗಿಲ್ಲ. ಮಕ್ಕಳು ಮರಿ ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

ಆ ಕಡೆಯಿಂದ ಆಕೆ ಅಳುವುದು ಕೇಳಿಸಿತು.

ಭಟ್ಟರು ವಿಳಾಸ ಕೇಳಿಕೊಂಡರು, ಫೋನಿಟ್ಟು ತಮ್ಮ ತಂಡದವರಿಗೆ ಕರೆ ಮಾಡಿದರು. ಅನ್ನ, ತಿಳಿಸಾರು, ಮಜ್ಜಿಗೆ, ಅಷ್ಟೇ, ಬೇಗ ಅಂದರು. ನನ್ನ ವ್ಯಾಪಾರಿ ಬುದ್ಧಿ ಸುಮ್ಮನಿರಲಿಲ್ಲ. "ಭಟ್ರೇ, ಸಮಾರಾಧನೆ ಆರ್ಡರ್ ಖಾತ್ರಿ ಮಾಡ್ಕೊಳ್ಳಲೇ ಇಲ್ವಲ್ಲ?" ಅಂದೆ.

"ಅದಕ್ಕೆ ಇನ್ನೂ ದಿನ ಇದೆಯಮ್ಮಾ. ಹಸಿವು ಇವತ್ತಿಂದು" ಅಂದವರೇ ಬಸ್ಸಿಗೆ ಹೊರಟರು.

ಅವತ್ತಿನ ಪಾತ್ರೆಗಳನ್ನು ಹಿಡಿದುಕೊಳ್ಳಲು ಇಬ್ಬರು ಸಾಕಿತ್ತು. ಹೊಳೆನರಸೀಪುರದಿಂದ ಹೊರಟ ವ್ಯಾನಿನಲ್ಲಿ, ಮೈಸೂರಿಗೆ ಹೊರಟು ನಿಂತಿದ್ದ ಆರೂ ಜನ ಇದ್ದರಂತೆ.